27 ಸೆಕೆಂಡ್ ಎಲ್ಲಿ ಹೋಗುತ್ತದೆ? ಒಂದು ಕ್ಯೂಬ್ ರಿಪೇರಿಯ ಟಿಪ್ಪಣಿ

ರಿಪೇರಿಗೆ ಬಂದ ವಸ್ತು: 3×3 ರುಬಿಕ್ಸ್ ಕ್ಯೂಬ್, 56 ಮಿ.ಮೀ., ಸ್ಟಿಕರ್ ಇಲ್ಲದ್ದು, ಒಳಗೆ ಮ್ಯಾಗ್ನೆಟ್ ಇರುವಂಥದ್ದು. ಗಿರಾಕಿ: ಅಕ್ಕನ ಮಗಳು, ಒಂಬತ್ತನೇ ಕ್ಲಾಸ್. ದೂರು: "ಮಾಮ, ಇದು ಮಧ್ಯದಲ್ಲಿ ಲಾಕ್ ಆಗ್ತದೆ. ಹೊಸದು ತೆಗೆದುಕೊಟ್ರೆ 20 ಸೆಕೆಂಡಿನ ಒಳಗೆ ಬರ್ತದೆ."

ಉಡುಪಿಯ ಕಿನ್ನಿಮುಲ್ಕಿ ಹತ್ತಿರ ನನ್ನದು ಮಿಕ್ಸಿ, ಗ್ರೈಂಡರ್, ಫ್ಯಾನ್ ರಿಪೇರಿ ಕೆಲಸ. ಗಿರಾಕಿ ಹೇಳುವ ದೂರೇ ಬೇರೆ, ಒಳಗಿರುವ ತೊಂದರೆಯೇ ಬೇರೆ. ಇದು ನಮಗೆ ದಿನಾ ಕಾಣುವ ಸಂಗತಿ. ಕಲಸಿದ ಕ್ಯೂಬಿನ ಬಣ್ಣ ಕೂಡಿಸಲು ಅವಳಿಗೆ ಹಿಡಿಯುವ ಸರಾಸರಿ ಸಮಯ 27 ಸೆಕೆಂಡಿಗೆ ಬಂದು ಅಲ್ಲೇ ನಿಂತಿದೆ. ಕ್ಯೂಬ್ ಸರಿಯಿಲ್ಲ ಅನ್ನುವುದು ನಿಜ ಇರಬಹುದು. ಆದರೆ ಇಳಿಯಬೇಕಾದ ಏಳು ಸೆಕೆಂಡೂ ಪ್ಲಾಸ್ಟಿಕ್ಕಿನ ಒಳಗೇ ಇದೆ ಅಂದರೆ ನನಗೆ ನಂಬಿಕೆ ಬರಲಿಲ್ಲ. 1982ರಲ್ಲಿ ಬುಡಾಪೆಸ್ಟ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಮಿನ್ ಥಾಯ್ ತೆಗೆದುಕೊಂಡ ಸಮಯ 22.95 ಸೆಕೆಂಡ್. ಆ ಕಾಲದ ಕ್ಯೂಬಿನಲ್ಲಿ ಮ್ಯಾಗ್ನೆಟ್ಟೂ ಇಲ್ಲ, ಪದರ ತುಸು ವಾರೆಯಾದರೆ ಪಕ್ಕದ್ದು ತಿರುಗುವುದೂ ಇಲ್ಲ. ಇವಳ ಕೈಯಲ್ಲಿರುವ ಅಗ್ಗದ ಕ್ಯೂಬ್ ಅದಕ್ಕಿಂತ ಎಷ್ಟೋ ಮೇಲು.

ಮೊದಲು ಬಿಚ್ಚಿ ನೋಡುವ, ಆಮೇಲೆ ಅಳೆದು ನೋಡುವ, ಹೊಸದರ ವಿಷಯ ಅದಾದ ಮೇಲೆ ಅಂತ ಒಪ್ಪಂದವಾಯಿತು.

ಒಳಗಿನ ಸ್ಥಿತಿ

ಬಿಚ್ಚುವ ಮೊದಲು ಕ್ಯೂಬನ್ನು ಪೂರ್ತಿ ಸಾಲ್ವ್ ಮಾಡಿಸಿದೆ, ಅಂದರೆ ಪ್ರತಿ ಬದಿಗೂ ಒಂದೇ ಬಣ್ಣ. ಇದನ್ನು ಬಿಟ್ಟರೆ ಆಮೇಲೆ ತಲೆನೋವು. ತುಂಡುಗಳನ್ನು ಕಂಡ ಹಾಗೆ ಜೋಡಿಸಿದರೆ ಆ ಕ್ಯೂಬ್ ಸಾಲ್ವ್ ಆಗುವ ಸಾಧ್ಯತೆ 12ರಲ್ಲಿ 1 ಮಾತ್ರ. ಉಳಿದಂತೆ ಕೊನೆಗೆ ಒಂದು ಕಾರ್ನರ್ (ಮೂರು ಬಣ್ಣದ ಮೂಲೆ ತುಂಡು) ತಿರುಚಿ ನಿಂತಿರುತ್ತದೆ, ಇಲ್ಲವೇ ಒಂದು ಎಡ್ಜ್ (ಎರಡು ಬಣ್ಣದ ಅಂಚಿನ ತುಂಡು) ಮಗುಚಿರುತ್ತದೆ, ಇಲ್ಲವೇ ಎರಡು ತುಂಡು ಅದಲುಬದಲಾಗಿರುತ್ತವೆ. ಎಷ್ಟು ತಿರುಗಿಸಿದರೂ ಸರಿಯಾಗದು.

ಮೇಲಿನ ಪದರವನ್ನು 45 ಡಿಗ್ರಿ ತಿರುಗಿಸಿ, ಒಂದು ಎಡ್ಜ್‌ನ ಕೆಳಗೆ ಹೆಬ್ಬೆರಳು ಕೊಟ್ಟು ಎತ್ತಿದರೆ ಅದು ಟಕ್ ಅಂತ ಹೊರಗೆ ಬರುತ್ತದೆ. ಮೊದಲನೆಯದಕ್ಕೆ ಮಾತ್ರ ಸ್ವಲ್ಪ ಬಲ ಬೇಕು. ಉಳಿದವು ತಾವಾಗಿ ಕಳಚಿಕೊಳ್ಳುತ್ತವೆ. 12 ಎಡ್ಜ್, 8 ಕಾರ್ನರ್ ತೆಗೆದ ಮೇಲೆ ಕೈಯಲ್ಲಿ ಉಳಿಯುವುದು ಆರು ಸೆಂಟರ್ (ಪ್ರತಿ ಬದಿಯ ನಡುವಿನ ತುಂಡು) ಇರುವ ಕೋರ್.

ಒಳಗೆ ಬೂದು ಬಣ್ಣದ ಜಿಡ್ಡು. ಸವೆದ ಪ್ಲಾಸ್ಟಿಕ್ ಪುಡಿ, ಬಟ್ಟೆಯ ನೂಲು, ಕೈ ಬೆವರು, ಎಲ್ಲ ಸೇರಿ ಮೂಲೆ ಮೂಲೆಯಲ್ಲಿ ಕೂತಿತ್ತು. ಮೂಗಿನ ಹತ್ತಿರ ಹಿಡಿದೆ. ತೆಂಗಿನೆಣ್ಣೆ!

"ಇದನ್ನು ಯಾರು ಹಾಕಿದ್ದು ಮಾರಾಯ್ತಿ?"

"ಅಜ್ಜಿ. ಬಾಗಿಲಿನ ಬಿಜಾಗರಿಗೂ ಅದನ್ನೇ ಹಾಕುವುದಲ್ವಾ ಅಂದ್ರು."

ಹಾಕಿದ ದಿನ ಕ್ಯೂಬ್ ಚೆನ್ನಾಗಿಯೇ ತಿರುಗಿರುತ್ತದೆ. ಅದೇ ಮೋಸ. ದಿನ ಹೋದ ಹಾಗೆ ಎಣ್ಣೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಇನ್ನೊಂದು, ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಲು ಶುರುವಾಗುತ್ತದೆ. ನಮ್ಮ ಊರಿನ ಸೆಕೆಗೆ ಆ ಹೆದರಿಕೆ ಕಡಿಮೆ. ಆದರೆ ಎಸಿ ಹಾಲ್‌ನಲ್ಲಿ ಸ್ಪರ್ಧೆ ಇದ್ದರೆ? ಹೊಲಿಗೆ ಮಿಷಿನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವೂ ಬೇಡ. ಅವು ಪೆಟ್ರೋಲಿಯಂ ಜಾತಿಯವು, ಪ್ಲಾಸ್ಟಿಕ್ಕಿಗೆ ಆಗಿಬರುವುದಿಲ್ಲ. ಕ್ಯೂಬಿಗೆ ಸಿಲಿಕೋನ್ ಲ್ಯೂಬ್ ಒಂದೇ ಸರಿ.

ತುಂಡುಗಳನ್ನು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಟೂತ್‌ಬ್ರಷ್ ಹಾಕಿ ತೊಳೆದೆ. ಕೋರನ್ನು ನೀರಿಗೆ ಹಾಕಲಿಲ್ಲ, ಅದರಲ್ಲಿ ಸ್ಪ್ರಿಂಗ್, ಸ್ಕ್ರೂ ಇವೆ. ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಇಯರ್‌ಬಡ್ ಸಾಕು.

ಒಣಗಿಸುವುದೇ ದೊಡ್ಡ ಕೆಲಸ. ಜುಲೈ ತಿಂಗಳು, ಹೊರಗೆ ಜಡಿಮಳೆ. ಅಕ್ಕ ತಟ್ಟೆ ಎತ್ತಿಕೊಂಡು ಬಚ್ಚಲ ಒಲೆಯ ಕಡೆ ಹೊರಟಳು. "ಬಟ್ಟೆಯೇ ಅಲ್ಲಿ ಒಣಗ್ತದೆ, ಇದು ಒಣಗದಾ?" ಒಣಗುತ್ತದೆ, ಆದರೆ ಮ್ಯಾಗ್ನೆಟ್ ಹಾಳಾಗುತ್ತದೆ. ಇಂಥ ಸಾಮಾನ್ಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ, ಮತ್ತೆ ತಣಿದರೂ ಅದು ಪೂರ್ತಿ ವಾಪಸ್ ಬರುವುದಿಲ್ಲ. ಹಾಗಾಗಿ ಹಳೆಯ ಉದಯವಾಣಿ ಹಾಸಿ ಫ್ಯಾನಿನ ಕೆಳಗೆ ರಾತ್ರಿಯಿಡೀ ಇಟ್ಟೆವು. ತುಂಡುಗಳನ್ನು ದೂರ ದೂರ ಇಡಬೇಕು. ಇಲ್ಲದಿದ್ದರೆ ಒಂದಕ್ಕೊಂದು ಕಚ್ಚಿಕೊಂಡು ಗೊಂಚಲಾಗುತ್ತವೆ, ನಡುವಿನ ನೀರು ಆರುವುದೇ ಇಲ್ಲ.

ಕಟಕಟ ಅನ್ನುವ ಎಡ್ಜ್

ಬೆಳಿಗ್ಗೆ ಒಂದೊಂದೇ ತುಂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಬಿಳಿ-ಹಸಿರು ಎಡ್ಜ್ ಕಟಕಟ ಅಂದಿತು. ಒಳಗಿನ ಮ್ಯಾಗ್ನೆಟ್ ಗೋಂದು ಬಿಟ್ಟಿದೆ. ಇಲ್ಲಿ ನನಗೆ ನಿಜವಾಗಿ ಖುಷಿಯಾಯಿತು. ಯಾಕೆಂದರೆ ಲಾಕ್ ಆಗುವ ದೂರಿಗೆ ಒಂದು ಕಣ್ಣಿಗೆ ಕಾಣುವ ಕಾರಣ ಸಿಕ್ಕಿತು.

ಸಾಮಾನ್ಯ ಮ್ಯಾಗ್ನೆಟಿಕ್ 3×3ರಲ್ಲಿ 48 ಪುಟ್ಟ ಮ್ಯಾಗ್ನೆಟ್ ಇರುತ್ತವೆ. ಪ್ರತಿ ಕಾರ್ನರ್‌ನಲ್ಲಿ ಮೂರು, ಪ್ರತಿ ಎಡ್ಜ್‌ನಲ್ಲಿ ಎರಡು. ಪದರ ಸರಿಯಾಗಿ ಸೇರಿದಾಗ ಎಡ್ಜ್‌ನ ಮ್ಯಾಗ್ನೆಟ್ ಪಕ್ಕದ ಕಾರ್ನರ್‌ನ ಮ್ಯಾಗ್ನೆಟ್ಟನ್ನು ಎಳೆದು ಹಿಡಿಯುತ್ತದೆ. ಆಗ ಬೆರಳಿಗೆ ಸಣ್ಣ ಕ್ಲಿಕ್ ಸಿಗುತ್ತದೆ. ಪದರ ಅರೆಬರೆ ನಿಲ್ಲದ ಹಾಗೆ ನೋಡಿಕೊಳ್ಳುವುದು ಇದೇ. ಎಲ್ಲ ಕಾರ್ನರ್‌ಗಳೂ ಒಂದೇ ಧ್ರುವವನ್ನು ಹೊರಗೆ ತೋರಿಸಬೇಕು, ಎಲ್ಲ ಎಡ್ಜ್‌ಗಳೂ ಅದರ ಎದುರಿನ ಧ್ರುವವನ್ನು. ಒಂದು ಮ್ಯಾಗ್ನೆಟ್ ಉಲ್ಟಾ ಕೂತರೂ ಆ ಜಾಗದಲ್ಲಿ ಎಳೆಯುವ ಬದಲು ದೂಡುತ್ತದೆ. ಇಲ್ಲಿ ಸಡಿಲವಾದ ಮ್ಯಾಗ್ನೆಟ್ ಒಮ್ಮೆ ಹೀಗೆ, ಒಮ್ಮೆ ಹಾಗೆ ಮಗುಚುತ್ತಿತ್ತು.

ಧ್ರುವ ಯಾವುದು ಅಂತ ತಲೆ ಕೆಡಿಸಿಕೊಳ್ಳುವುದೇ ಬೇಡ. ಎಡ್ಜ್‌ನ ಮುಚ್ಚಳ ಬಿಡಿಸಿ ಮ್ಯಾಗ್ನೆಟ್ ಹೊರತೆಗೆದು, ಸರಿಯಿರುವ ಒಂದು ಕಾರ್ನರ್‌ನ ಹತ್ತಿರ ಬಿಟ್ಟೆ. ಅದು ತಾನಾಗಿ ತಿರುಗಿ ಅಂಟಿತು. ಅಂಟಿದ ಮುಖವೇ ಎಡ್ಜ್‌ನಲ್ಲಿ ಹೊರಗೆ ಬರಬೇಕಾದ ಮುಖ. ನನಗೆ ಕಾಣುತ್ತಿದ್ದ ಹಿಂಬದಿಗೆ ಮಾರ್ಕರ್‌ನಲ್ಲಿ ಒಂದು ಚುಕ್ಕಿ ಇಟ್ಟೆ. ಚುಕ್ಕಿ ಒಳಗೆ, ಖಾಲಿ ಮುಖ ಹೊರಗೆ. ಫೆವಿಕ್ವಿಕ್ಕನ್ನು ನೇರ ಟ್ಯೂಬಿನಿಂದ ಸುರಿಯದೆ, ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ತೆಗೆದು ಇಟ್ಟೆ. ಜಾಸ್ತಿಯಾದರೆ ಅದರ ಆವಿಗೆ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ತುಂಡಿನ ಹೊರಮೈಗೆ ಹರಿದರೆ ತುಂಡೇ ಹೋಯಿತು.

ಸ್ಕ್ರೂಗಳ ಕತೆ ಬೇರೆ. ಸೆಂಟರ್‌ನ ಮುಚ್ಚಳ ಉಗುರಲ್ಲಿ ಎಬ್ಬಿಸಿದರೆ ಒಳಗೆ ಸ್ಕ್ರೂ, ವಾಷರ್, ಸ್ಪ್ರಿಂಗ್. ಎರಡು ಸ್ಕ್ರೂಗಳ ತಲೆಗೆ ತುಕ್ಕು. ಕರಾವಳಿಯ ಉಪ್ಪುಗಾಳಿಗೆ ಬೆವರು ಸೇರಿದರೆ ಇನ್ನೇನು! ತೆಗೆದು, ಉಜ್ಜಿ, ಒರೆಸಿ ಅದನ್ನೇ ವಾಪಸ್ ಹಾಕಿದೆ. ಅಂಗಡಿಯ ಬೇರೆ ಸ್ಕ್ರೂ ಹಾಕಿದರೆ ಪ್ಲಾಸ್ಟಿಕ್ ಕೋರ್‌ನ ಥ್ರೆಡ್ ಹರಿದುಹೋಗುತ್ತದೆ. ಮತ್ತೆ ಸಡಿಲ ಆಗದಿರಲಿ ಅಂತ ಥ್ರೆಡ್ ಲಾಕರ್ ಅನ್ನುವ ಅಂಟು ಹಾಕುವ ಆಸೆ ನನ್ನಂಥವರಿಗೆ ಬಂದೇ ಬರುತ್ತದೆ. ಹಾಕಬೇಡಿ. ಎಬಿಎಸ್ ಪ್ಲಾಸ್ಟಿಕ್ ಅದಕ್ಕೆ ಬಿರುಕು ಬಿಡುತ್ತದೆ.

ಬಿಗಿ ನೋಡಿದರೆ ಆರೂ ಬದಿ ಆರು ತರ. ಕೆಂಪು ಬದಿ ಒಂದು ಸುತ್ತಿಗಿಂತ ಜಾಸ್ತಿ ಸಡಿಲ. ಬಿಗಿ ಹೆಚ್ಚಾದರೆ ಪದರ ತುಸು ವಾರೆ ನಿಂತರೂ ಪಕ್ಕದ್ದು ಸಿಕ್ಕಿಕೊಳ್ಳುತ್ತದೆ. ಸಡಿಲ ಹೆಚ್ಚಾದರೆ ತುಂಡು ಪಾಪ್ ಆಗುತ್ತದೆ, ಅಂದರೆ ಹಾರಿ ಹೊರಬರುತ್ತದೆ, ಕಾರ್ನರ್ ತಿರುಚಿಕೊಳ್ಳುತ್ತದೆ. ಎರಡೂ ಇರುವ ಕ್ಯೂಬಿನಲ್ಲಿ ಎರಡು ತರದ ಕಾಟವೂ ಇರುತ್ತದೆ. ಎಲ್ಲವನ್ನೂ ಮೆಲ್ಲಗೆ ಪೂರ್ತಿ ಬಿಗಿದು, ಅಲ್ಲಿಂದ ಆರಕ್ಕೂ ಒಂದೇ ಲೆಕ್ಕದಲ್ಲಿ ಸಡಿಲಿಸಿದೆ. ಜೋಡಿಸಿದ ಮೇಲೆ ಪ್ರತಿ ಪದರವನ್ನು ಬೆರಳಲ್ಲಿ ಹೊರಗೆ ಎಳೆದು, ಸಂದು ಸಮ ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಕಾಲು ಸುತ್ತಿನ ಲೆಕ್ಕದಲ್ಲಿ ಅವಳ ಕೈಗೆ ಸರಿ ಅನ್ನಿಸುವವರೆಗೆ. ಇದಕ್ಕೆ ಪುಸ್ತಕದ ಅಳತೆ ಇಲ್ಲ, ಅವಳ ಬೆರಳೇ ಅಳತೆ.

ಸ್ಪ್ರಿಂಗ್ ಇರುವಲ್ಲಿಗೆ ದಪ್ಪ ಸಿಲಿಕೋನ್, ತುಂಡುಗಳಿಗೆ ತೆಳುವಾದದ್ದು, ಅದೂ ಮೂರ್ನಾಲ್ಕು ಹನಿ. ಮುಗಿಯಿತು.

ಫಲ? ಲಾಕ್ ಆಗುವುದು ಹೆಚ್ಚುಕಮ್ಮಿ ನಿಂತೇ ಹೋಯಿತು. ಸರಾಸರಿ 27ರಿಂದ 26ಕ್ಕೆ ಬಂತು. ಅಷ್ಟೇ. ಅವಳ ಮುಖ ಸಪ್ಪೆಯಾಯಿತು. ನನಗೆ ಇದೇ ಬೇಕಿತ್ತು. ಪ್ಲಾಸ್ಟಿಕ್ಕಿನ ಪಾಲು ಒಂದು ಸೆಕೆಂಡ್ ಅಂತ ಈಗ ಗೊತ್ತಾಯಿತಲ್ಲ.

ಟೈಮರ್

ಅವಳು ಅಲ್ಲಿಯವರೆಗೆ ಫೋನಿನ ಪರದೆ ಒತ್ತಿ ಸಮಯ ನೋಡುತ್ತಿದ್ದಳು. ಸ್ಪರ್ಧೆಯಲ್ಲಿ ಹಾಗಲ್ಲ. ಎರಡೂ ಕೈ ಪ್ಯಾಡಿನ ಮೇಲೆ ಇಟ್ಟು, ಹಸಿರು ದೀಪ ಬಂದ ಮೇಲೆ ಎತ್ತಬೇಕು. ಮುಗಿದಾಗ ಎರಡೂ ಅಂಗೈ ಮತ್ತೆ ಕೆಳಗೆ. ಆ ಅಭ್ಯಾಸ ಮನೆಯಲ್ಲೇ ಆಗಲಿ ಅಂತ ಮರದ ಹಲಗೆಯ ಮೇಲೆ ಒಂದನ್ನು ಮಾಡಿದೆ. ಆರ್ಡುಯಿನೊ ನ್ಯಾನೊ (ಕೋಡ್ ಹಾಕಿ ಓಡಿಸುವ ಪುಟ್ಟ ಬೋರ್ಡ್), ಟಿಟಿಪಿ223 ಟಚ್ ಮಾಡ್ಯೂಲ್ ಎರಡು, ಟಿಎಂ1637 ನಾಲ್ಕಂಕಿ ಡಿಸ್‌ಪ್ಲೇ, ಕೈ ಇಡುವಲ್ಲಿ ತಾಮ್ರದ ಟೇಪ್. ಕೈ ಕನಿಷ್ಠ 0.55 ಸೆಕೆಂಡ್ ಇದ್ದರೆ ಮಾತ್ರ ಹಸಿರು, ಯಾವುದಾದರೂ ಒಂದು ಕೈ ಎದ್ದರೆ ಶುರು, ಎರಡೂ ಕೂತರೆ ನಿಲುಗಡೆ.

ಮಾಡುವವರಿಗೆ ಎರಡು ಮಾತು. ಅಗ್ಗದ ಮೊಬೈಲ್ ಚಾರ್ಜರ್ ಕೊಟ್ಟರೆ ಟಚ್ ಸೆನ್ಸರ್ ಹುಚ್ಚುಹುಚ್ಚಾಗಿ ಆಡುತ್ತದೆ. ಪವರ್ ಬ್ಯಾಂಕ್ ಕೊಟ್ಟರೆ, ಕರೆಂಟ್ ಎಳೆಯುವುದು ತೀರಾ ಕಡಿಮೆ ಅಂತ ಅದು ತಾನೇ ಆಫ್ ಆಗುತ್ತದೆ. ನಾಲ್ಕು ರೀಚಾರ್ಜ್ ಎಎ ಸೆಲ್, 4.8 ವೋಲ್ಟ್, ತಕರಾರಿಲ್ಲ. ಇನ್ನು ಅಗ್ಗದ ನ್ಯಾನೊಗಳಲ್ಲಿ ಸಮಯ ಎಣಿಸಲು ಕ್ರಿಸ್ಟಲ್ ಬದಲು ಸೆರಾಮಿಕ್ ರೆಸೊನೇಟರ್ ಇರುವುದುಂಟು. ಅದರ ತಪ್ಪು ಶೇ. 0.5ರವರೆಗೆ ಹೋಗಬಹುದು. 20 ಸೆಕೆಂಡಿನಲ್ಲಿ ಅದು 0.1 ಸೆಕೆಂಡ್. ಅಡುಗೆಮನೆ ಟೈಮರಿಗೆ ಏನೂ ಅಲ್ಲ, ಕ್ಯೂಬಿಗೆ ಜಾಸ್ತಿಯೇ. ಫೋನಿನ ಸ್ಟಾಪ್‌ವಾಚ್ ಜೊತೆ ಹತ್ತು ನಿಮಿಷ ಓಡಿಸಿ, ಬಂದ ವ್ಯತ್ಯಾಸವನ್ನು ಕೋಡ್‌ನಲ್ಲಿ ಸರಿಮಾಡಿದೆ.

ಫ್ರೇಮ್ ಎಣಿಸಿದ್ದು

ಅಸಲು ರಿಪೇರಿ ಇಲ್ಲಿಂದ. ಫೋನನ್ನು ಸ್ಟ್ಯಾಂಡ್‌ಗೆ ಹಾಕಿ, ಸೆಕೆಂಡಿಗೆ 60 ಫ್ರೇಮ್‌ನಂತೆ ಅವಳ ಸಾಲ್ವ್‌ಗಳನ್ನು ವಿಡಿಯೊ ಮಾಡಿದೆವು. ಆಮೇಲೆ ಕಂಪ್ಯೂಟರ್‌ನಲ್ಲಿ ಒಂದೊಂದೇ ಫ್ರೇಮ್ ದೂಡಿ ನೋಡಿದ್ದು. ಬೋರ್ ಹೊಡೆಸುವ ಕೆಲಸ, ಆದರೆ ಇದಕ್ಕಿಂತ ಚೆನ್ನಾಗಿ ಸತ್ಯ ಹೇಳುವ ಉಪಾಯ ನನಗೆ ಗೊತ್ತಿಲ್ಲ.

ಅವಳದ್ದು ಸಿಎಫ್‌ಒಪಿ ವಿಧಾನ. ಜೆಸ್ಸಿಕಾ ಫ್ರಿಡ್ರಿಕ್ ಹೆಸರಿನಲ್ಲಿ ಜನಪ್ರಿಯವಾದದ್ದು. ಮೊದಲು ಕೆಳಬದಿಯ ನಾಲ್ಕು ಎಡ್ಜ್ ಕೂರಿಸುವ ಕ್ರಾಸ್, ಆಮೇಲೆ ಕಾರ್ನರ್-ಎಡ್ಜ್ ಜೋಡಿಗಳನ್ನು ನಾಲ್ಕು ಮೂಲೆಗೆ ಸೇರಿಸುವ ಎಫ್‌ಟುಎಲ್, ಮೇಲ್ಭಾಗದ ಬಣ್ಣ ಒಂದು ಮಾಡುವ ಒಎಲ್‌ಎಲ್, ಕೊನೆಗೆ ತುಂಡುಗಳನ್ನು ಜಾಗಕ್ಕೆ ತರುವ ಪಿಎಲ್‌ಎಲ್. 26 ಸೆಕೆಂಡ್ ಹೀಗೆ ಹಂಚಿಹೋಗಿತ್ತು: ಕ್ರಾಸ್ 3, ಎಫ್‌ಟುಎಲ್ 14, ಒಎಲ್‌ಎಲ್ 5, ಪಿಎಲ್‌ಎಲ್ 4.

ಈಗ ಬೆರಳಿನ ವೇಗ. ಪಿಎಲ್‌ಎಲ್‌ಗೆ ಬಾಯಿಪಾಠ ಮಾಡುವ ತಿರುವಿನ ಕ್ರಮಗಳಿಗೆ ಪರ್ಮ್ ಅನ್ನುತ್ತಾರೆ, ಅದರಲ್ಲಿ ಟಿ ಪರ್ಮ್ ಅನ್ನುವುದಕ್ಕೆ 14 ತಿರುವು. ಅದನ್ನು ಅವಳು 2 ಸೆಕೆಂಡಿನಲ್ಲಿ ಮುಗಿಸುತ್ತಾಳೆ. ಅಂದರೆ ಸೆಕೆಂಡಿಗೆ 7. ಇಡೀ ಸಾಲ್ವ್‌ಗೆ ಅವಳಿಗೆ ಸುಮಾರು 70 ತಿರುವು ಬೇಕು. ಈ ವೇಗದ ಅರ್ಧ, ಸೆಕೆಂಡಿಗೆ ಮೂರೂವರೆಯಂತೆ, ಎಲ್ಲೂ ನಿಲ್ಲದೆ ತಿರುಗಿಸಿದರೂ 20 ಸೆಕೆಂಡಿಗೆ ಮುಗಿಯಬೇಕು. ಕಾಗದದ ಮೇಲೆ ಈ ಭಾಗಾಕಾರ ಮಾಡಿ ತೋರಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು.

"ಹಾಗಾದ್ರೆ ನಾನು ಎಲ್ಲಿ ನಿಲ್ತೇನೆ?"

ವಿಡಿಯೊದಲ್ಲಿ ಎಲ್ಲ ಇತ್ತು. ಕ್ರಾಸ್ ಮುಗಿದ ಕೂಡಲೇ ಕೈ ನಿಂತು, ಕ್ಯೂಬ್ ಆಚೆ ಈಚೆ ತಿರುಗಿ, ಮೊದಲ ಜೋಡಿ ಸಿಗಲು 110 ಫ್ರೇಮ್. ಹತ್ತಿರ ಹತ್ತಿರ 2 ಸೆಕೆಂಡ್! ಪ್ರತಿ ಜೋಡಿಯ ನಂತರ ಒಂದು ಸೆಕೆಂಡಿಗಿಂತ ಜಾಸ್ತಿ. ಒಎಲ್‌ಎಲ್ ಎರಡು ಹಂತದಲ್ಲಿ ಮಾಡುವುದರಿಂದ ಗುರುತಿಸಲು ಎರಡು ಸಲ ನಿಲುಗಡೆ. ಪಿಎಲ್‌ಎಲ್‌ನಲ್ಲೂ ಹಾಗೆಯೇ. ಮಂಗಳೂರಿಂದ ಉಡುಪಿಗೆ ಬರುವ ಸರ್ವಿಸ್ ಬಸ್ಸನ್ನು ನೋಡಿ. ಓಡುವಾಗ ಅದೂ ಎಕ್ಸ್‌ಪ್ರೆಸ್‌ನಷ್ಟೇ ಜೋರು, ತಡ ಆಗುವುದು ಸ್ಟಾಪ್‌ಗಳಲ್ಲಿ. ಇವಳ ಸಾಲ್ವ್ ಕೂಡ ಸರ್ವಿಸ್ ಬಸ್ಸು.

2023ರಲ್ಲಿ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಿನ ದಾಖಲೆ ಮಾಡಿದ ವಿಡಿಯೊ ಹಾಕಿ ಅದನ್ನೂ ನಿಧಾನ ಮಾಡಿ ನೋಡಿದೆವು. ಬೆರಳಿನ ವೇಗಕ್ಕಿಂತ ನನ್ನ ಕಣ್ಣಿಗೆ ಬಿದ್ದದ್ದು ಎಲ್ಲೂ ಗ್ಯಾಪ್ ಇಲ್ಲದ್ದು.

ಸ್ಟಾಪ್ ಕಡಿಮೆ ಮಾಡಿದ ಬಗೆ

ಮೊದಲು ಕ್ರಾಸ್. ಶುರು ಮಾಡುವ ಮೊದಲು ನೋಡಲು 15 ಸೆಕೆಂಡ್ ಸಿಗುತ್ತದೆ. ಕ್ಯೂಬನ್ನು ಹೇಗೆ ಕಲಸಿದ್ದರೂ ಕ್ರಾಸ್‌ಗೆ ಹೆಚ್ಚೆಂದರೆ 8 ತಿರುವು ಸಾಕು, ಸಾಮಾನ್ಯವಾಗಿ ಅದಕ್ಕೂ ಕಡಿಮೆ. ಹಾಗಿದ್ದ ಮೇಲೆ ಪೂರ್ತಿ ಲೆಕ್ಕ ಹಾಕಿಯೇ ಕೈ ಎತ್ತಬೇಕು. ಪರೀಕ್ಷೆ ಹೀಗೆ: ನೋಡು, ಕಣ್ಣು ಮುಚ್ಚು, ಕ್ರಾಸ್ ಮಾಡು, ಕಣ್ಣು ಬಿಡು. ಆರಂಭದಲ್ಲಿ ಎರಡು ಎಡ್ಜ್ ಮಾತ್ರ ಸರಿಯಾಗುತ್ತಿತ್ತು. ಈಗ ಹೆಚ್ಚಿನ ಸಲ ನಾಲ್ಕೂ ಸರಿ. ಕಣ್ಣು ಮುಚ್ಚಿ ಮಾಡಲು ಬಂದರೆ, ನಿಜವಾದ ಸಾಲ್ವ್‌ನಲ್ಲಿ ಕೈ ಕ್ರಾಸ್ ಮಾಡುವಾಗ ಕಣ್ಣು ಮೊದಲ ಜೋಡಿ ಹುಡುಕಬಹುದು. ಆ 110 ಫ್ರೇಮ್ ಈಗ 40ರ ಆಸುಪಾಸು.

ಎಫ್‌ಟುಎಲ್‌ಗೆ ಮೆಟ್ರೋನೋಮ್ ಆ್ಯಪ್. ನಿಮಿಷಕ್ಕೆ 60 ತಾಳ, ಒಂದು ತಾಳಕ್ಕೆ ಒಂದೇ ತಿರುವು, ನಿಲ್ಲುವ ಹಾಗಿಲ್ಲ. ಕೈ ಈ ಜೋಡಿಯಲ್ಲಿ, ಕಣ್ಣು ಮುಂದಿನ ಜೋಡಿಯಲ್ಲಿ. ಅಷ್ಟು ನಿಧಾನ ಮಾಡುವುದು ಹದಿಹರೆಯದವರಿಗೆ ಶಿಕ್ಷೆಯೇ. "ಇದೆಂತ ಮಾಮ, ಆಮೆ ತರ" ಅಂತ ಗೊಣಗುತ್ತಲೇ ಮಾಡಿದಳು. ತಾಳ ತಪ್ಪದೆ ನಾಲ್ಕು ಜೋಡಿ ಹೋದರೆ ಮಾತ್ರ 70ಕ್ಕೆ, ಆಮೇಲೆ 80ಕ್ಕೆ ಏರಿಸುವುದು. ಇದರ ಜೊತೆ ಇನ್ನೊಂದು ಚಟ ಬಿಡಿಸಬೇಕಾಯಿತು. ಹಿಂದಿನ ಮೂಲೆಗೆ ಜೋಡಿ ಹಾಕಲು ಇಡೀ ಕ್ಯೂಬನ್ನು ತಿರುಗಿಸಿ ಮುಂದಕ್ಕೆ ತರುತ್ತಿದ್ದಳು. ತಿರುಗಿಸಿದ ಕೂಡಲೇ ಕಣ್ಣು ಹುಡುಕಿಟ್ಟ ತುಂಡು ಕಳೆದುಹೋಗುತ್ತದೆ. ಹಿಂದಿನ ಮೂಲೆಗೆ ಅಲ್ಲಿಗೇ ಹಾಕಲು ಕಲಿತಳು.

ಕೊನೆಯ ಪದರದಲ್ಲಿ ಏನು ಕಲಿಯಬೇಕು ಅನ್ನುವುದಕ್ಕೆ ಲೆಕ್ಕ ಸಹಾಯ ಮಾಡಿತು. ಬಾಯಿಪಾಠ ಮಾಡುವ ಕ್ರಮಗಳು ಒಎಲ್‌ಎಲ್‌ಗೆ ಒಟ್ಟು 57, ಪಿಎಲ್‌ಎಲ್‌ಗೆ 21. ಅವಳಿಗೆ ಬರುತ್ತಿದ್ದದ್ದು ಪಿಎಲ್‌ಎಲ್‌ನಲ್ಲಿ 6. ಮೊದಲು ಪಿಎಲ್‌ಎಲ್ ಮುಗಿಸುವುದೇ ಸರಿ ಅಂತ ನನ್ನ ಅಭಿಪ್ರಾಯ, ಸಂಖ್ಯೆ ಕಡಿಮೆ, ಲಾಭ ಕೂಡಲೇ. ಅದರಲ್ಲೂ ಎಲ್ಲರೂ ಹೆದರಿ ಕೊನೆಗೆ ಬಿಡುವ ನಾಲ್ಕು ಜಿ ಪರ್ಮ್‌ಗಳನ್ನು ಬೇಗ ಕಲಿಯಬೇಕು. ಒಂದೊಂದೂ 18ರಲ್ಲಿ 1 ಸಲ ಬರುತ್ತದೆ, ನಾಲ್ಕೂ ಸೇರಿದರೆ ಐದಕ್ಕಿಂತ ಕಡಿಮೆ ಸಾಲ್ವ್‌ಗೆ ಒಂದು ಜಿ. ಎರಡು ಎನ್ ಪರ್ಮ್‌ಗಳು ಮಾತ್ರ ತಲಾ 72ರಲ್ಲಿ 1. ಅವು ಕೊನೆಗಿರಲಿ.

ಒಂದು ದಿನ 17.92 ಬಂತು ಅಂತ ಮನೆಯೆಲ್ಲ ಕೂಗಿಕೊಂಡು ಬಂದಳು. ವಿಡಿಯೊ ನೋಡಿದರೆ ಪಿಎಲ್‌ಎಲ್ ಬೇಕಾಗಿಯೇ ಇರಲಿಲ್ಲ, ತಾನಾಗಿ ಸರಿಯಾಗಿತ್ತು. ಅದೂ 72ರಲ್ಲಿ 1 ಸಲದ ಅದೃಷ್ಟ. ಖುಷಿಪಡಲಿ, ತಪ್ಪೇನಿಲ್ಲ. ಆದರೆ ಗೋಡೆಯ ಚಾರ್ಟ್‌ನಲ್ಲಿ ನಾವು ಬರೆಯುವುದು ಐದರ ಸರಾಸರಿ: ಅತಿ ಒಳ್ಳೆಯದು ಒಂದು, ಅತಿ ಕೆಟ್ಟದ್ದು ಒಂದು ತೆಗೆದು ಉಳಿದ ಮೂರರದ್ದು. ಸ್ಪರ್ಧೆಯಲ್ಲೂ ಅದೇ ಲೆಕ್ಕ.

ಸ್ಪರ್ಧೆಯ ಇನ್ನೆರಡು ನಿಯಮ ಮನೆಯಲ್ಲೇ ಜಾರಿಗೆ ತಂದೆ. ನೋಡುವ ಹೊತ್ತಿನಲ್ಲಿ 8ಕ್ಕೆ ಮತ್ತು 12ಕ್ಕೆ ನಾನು ಕೂಗುತ್ತೇನೆ. 15 ದಾಟಿದರೆ 2 ಸೆಕೆಂಡ್ ದಂಡ, 17 ದಾಟಿದರೆ ಆ ಸಾಲ್ವೇ ಲೆಕ್ಕಕ್ಕಿಲ್ಲ. ಕೊನೆಯ ಪದರ 45 ಡಿಗ್ರಿಗಿಂತ ಜಾಸ್ತಿ ವಾರೆ ನಿಂತರೂ 2 ಸೆಕೆಂಡ್ ದಂಡ. ಈ ಎರಡನೆಯದರಲ್ಲಿ ಅವಳು ಸುಮಾರು ಸಲ ಸಿಕ್ಕಿಬಿದ್ದಳು. ಅವಸರದಲ್ಲಿ ಕೈ ಕೆಳಗಿಡುವಾಗ ಮೇಲಿನ ಪದರ ಅರ್ಧದಲ್ಲೇ ಇರುತ್ತಿತ್ತು. ಬೆರಳುಗಳಿಂದ 0.2 ಸೆಕೆಂಡ್ ಉಳಿಸಲು ಹೋಗಿ 2 ಸೆಕೆಂಡ್ ಕೊಡುವುದು ಯಾವ ವ್ಯಾಪಾರ?

ಬೆವರಿನ ಕಾಟ ಮಾತ್ರ ಪೂರ್ತಿ ಹೋಗಿಲ್ಲ. ಕರೆಂಟ್ ಹೋಗಿ ಫ್ಯಾನ್ ನಿಂತರೆ ಬೆರಳು ಜಾರುತ್ತದೆ. ಪಕ್ಕದಲ್ಲಿ ಒಂದು ಒಣ ಬೈರಾಸು, ಸಾಲ್ವ್ ಮುಗಿದ ಮೇಲೆ ಕ್ಯೂಬನ್ನೂ ಒರೆಸಿ ಡಬ್ಬದಲ್ಲಿಡುವುದು, ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಸ್ಕ್ರೂಗೆ ಮತ್ತೆ ತುಕ್ಕು ಬಂದಿಲ್ಲ.

ಸದ್ಯದ ಲೆಕ್ಕ: ಕ್ರಾಸ್ 2.5, ಎಫ್‌ಟುಎಲ್ 11, ಒಎಲ್‌ಎಲ್ 4.5, ಪಿಎಲ್‌ಎಲ್ 3.5. ಒಟ್ಟು 21.5ರ ಸುತ್ತಮುತ್ತ, ಅದೇ ಕ್ಯೂಬಿನಲ್ಲಿ. ಬಾಕಿ ಇರುವುದು ಮೂರನೇ ಜೋಡಿಯ ನಂತರದ ನಿಲುಗಡೆ, ಅದು ಇನ್ನೂ 50 ಫ್ರೇಮ್ ತಿನ್ನುತ್ತಿದೆ. ಟೈಮರ್ ಪ್ಯಾಡಿನ ಎಡಬದಿಯ ತಾಮ್ರದ ಟೇಪ್ ಬೆವರಿಗೆ ಏಳುತ್ತಿದೆ, ಚೌತಿ ರಜೆಯಲ್ಲಿ ತೆಗೆದು ತಾಮ್ರದ ತಗಡು ಬೆಸೆಯಬೇಕು. ಅಷ್ಟರೊಳಗೆ ಉಳಿದ ಎರಡು ಜಿ ಮುಗಿಸ್ತೇನೆ ಅಂದಿದ್ದಾಳೆ.